ಸ್ಟಾಪ್‌ವಾಚ್ ಯಾರ ಕೈಯಲ್ಲಿದೆ?

ಐದನೇ ತರಗತಿಯಲ್ಲಿ ನಾಲ್ಕು ನಾಲ್ಕು ಮಕ್ಕಳ ಗುಂಪು ಮಾಡಿ, ಒಂದು ಪ್ರಯೋಗ ಕೊಟ್ಟು, ಐದು ನಿಮಿಷ ಏನೂ ಹೇಳದೆ ಸುತ್ತಾಡಿ ನೋಡಿ. ಬಹಳಷ್ಟು ಗುಂಪುಗಳಲ್ಲಿ ಸ್ಟಾಪ್‌ವಾಚ್, ಥರ್ಮಾಮೀಟರ್, ಆಯಸ್ಕಾಂತ ಹುಡುಗರ ಕೈ ಸೇರಿರುತ್ತವೆ. ಪೆನ್ನು, ಸ್ಕೇಲು, ನೋಟ್‌ಬುಕ್ಕು ಹುಡುಗಿಯರ ಮುಂದಿರುತ್ತವೆ. ಜಗಳವೇನೂ ಆಗಿರುವುದಿಲ್ಲ. 'ನಿನ್ನ ಅಕ್ಷರ ಚೆನ್ನಾಗಿದೆ, ನೀನು ಬರ್ಕೋ' ಅಂತ ಒಬ್ಬ ಅಂದಿರುತ್ತಾನೆ, ಅವಳು ಸರಿ ಅಂದಿರುತ್ತಾಳೆ. ಅಮೆರಿಕದ ತರಗತಿಗಳಲ್ಲಿ ಜೊವಾನೊವಿಕ್ ಮತ್ತು ಕಿಂಗ್ 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲೂ ಇದೇ ಕಂಡಿತ್ತು. ಪಾಠವೆಲ್ಲ ಮಾಡಿ ಕಲಿಯುವ ರೀತಿಯದೇ ಆಗಿದ್ದರೂ, ಮಾಡುವ ಅವಕಾಶ ಮಾತ್ರ ಸಮನಾಗಿ ಹಂಚಿಕೆಯಾಗಿರಲಿಲ್ಲ.

ಇದನ್ನು ನ್ಯಾಯದ ಪ್ರಶ್ನೆಯಾಗಿ ನೋಡುವುದು ವಾಡಿಕೆ. ಅದು ಸರಿಯೇ. ಆದರೆ ಇಲ್ಲಿ ಇನ್ನೊಂದು ನಷ್ಟವಿದೆ, ಅದರ ಬಗ್ಗೆ ಯಾರೂ ಅಷ್ಟಾಗಿ ಮಾತಾಡುವುದಿಲ್ಲ. ಸ್ಟಾಪ್‌ವಾಚ್ ಹಿಡಿದ ಮಗುವಿಗೆ ತನ್ನ ಬೆರಳು ತಡವಾಗಿ ಒತ್ತಿತು ಅನ್ನುವುದು ಗೊತ್ತು. 19.6 ಅಂತ ತಾನು ಕೂಗಿದ್ದು 20.1 ಕೂಡ ಆಗಬಹುದಿತ್ತು ಅನ್ನುವುದು ಗೊತ್ತು. ಬರೆದುಕೊಳ್ಳುವ ಮಗುವಿಗೆ 19.6 ಬರುವುದೇ ಸಿದ್ಧ ಸಂಖ್ಯೆಯಾಗಿ. ಅದನ್ನು ಅಂದವಾಗಿ ಬರೆದು, ಕೆಳಗೆ ಗೆರೆ ಎಳೆದರೆ ಅವಳ ಕೆಲಸ ಮುಗಿಯಿತು. ವರ್ಷವಿಡೀ ಹೀಗೆ ನಡೆದರೆ, ವಿಜ್ಞಾನವೆಂದರೆ ಬೇರೆಯವರು ಹೇಳಿದ ಸರಿಯುತ್ತರ ಎಂದು ಒಬ್ಬಳು ಕಲಿಯುತ್ತಾಳೆ. ಮಾಡಿದರೆ ಸಾಕು, ದಾಖಲೆ ಯಾಕೆ ಎಂದು ಇನ್ನೊಬ್ಬ ಕಲಿಯುತ್ತಾನೆ. ಇಬ್ಬರಿಗೂ ಸಿಕ್ಕಿದ್ದು ಅರ್ಧ ವಿಜ್ಞಾನ.

ಒಂಬತ್ತು ಹತ್ತು ವರ್ಷದ ಮಗು 'ವಿಜ್ಞಾನ ಹೇಗೆ ಕೆಲಸ ಮಾಡುತ್ತೆ' ಎಂಬುದರಲ್ಲಿ ತಿಳಿಯಬೇಕಾದದ್ದು ಬಹಳವಿಲ್ಲ. ಕಣ್ಣಿಗೆ ಕಂಡದ್ದೇ ಬೇರೆ, ಅದರಿಂದ ಊಹಿಸಿದ್ದೇ ಬೇರೆ. ಹೇಳಿದ ಮಾತಿಗೆ ಆಧಾರ ಬೇಕು. ಒಂದೇ ಆಧಾರವನ್ನು ನೋಡಿ ಇಬ್ಬರು ಬೇರೆ ಬೇರೆ ತೀರ್ಮಾನಕ್ಕೆ ಬರಬಹುದು. ಕಲ್ಪನೆ ಇಲ್ಲದೆ ವಿಜ್ಞಾನ ನಡೆಯುವುದಿಲ್ಲ. ಹೊಸ ಆಧಾರ ಸಿಕ್ಕರೆ ಹಳೆಯ ತೀರ್ಮಾನ ಬದಲಾಗುತ್ತದೆ. ಅಮೆರಿಕದ ನಾರ್ಮನ್ ಲೆಡರ್‌ಮನ್ ಮತ್ತು ಸಂಗಡಿಗರು ಈ ಅಂಶಗಳನ್ನೇ ಇಟ್ಟುಕೊಂಡು ಪ್ರಶ್ನಾವಳಿಗಳನ್ನು ಮಾಡಿದರು, ಚಿಕ್ಕ ಮಕ್ಕಳಿಗೂ ಒಂದು ರೂಪವಿದೆ. ಈ ತಿಳಿವಳಿಕೆಯಲ್ಲಿ ಹುಡುಗರು ಒಂದು ಕಡೆ, ಹುಡುಗಿಯರು ಇನ್ನೊಂದು ಕಡೆ ಎಂಬಂಥ ದೊಡ್ಡ ಅಂತರ ನಿಚ್ಚಳವಾಗಿ ಕಾಣುವುದಿಲ್ಲ. ಅಂತರ ಕಾಣುವುದು 'ಇದು ನನ್ನಂಥವರ ಕೆಲಸವೇ?' ಎಂಬ ಪ್ರಶ್ನೆಯಲ್ಲಿ.

ಆ ಪ್ರಶ್ನೆ ಎಷ್ಟು ಬೇಗ ಹುಟ್ಟುತ್ತದೆ ಅನ್ನುವುದಕ್ಕೆ 2017ರ ಒಂದು ಅಧ್ಯಯನ ನೋಡಬೇಕು. ಲಿನ್ ಬಿಯಾನ್, ಸಾರಾ-ಜೇನ್ ಲೆಸ್ಲಿ, ಆಂಡ್ರೇ ಸಿಂಪಿಯನ್ ಅಮೆರಿಕದ ಮಕ್ಕಳಿಗೆ 'ತುಂಬಾ ತುಂಬಾ ಬುದ್ಧಿವಂತ'ರೊಬ್ಬರ ಕಥೆ ಹೇಳಿ, ಅದು ಯಾರ ಕಥೆಯಿರಬಹುದು ಎಂದು ಚಿತ್ರಗಳಲ್ಲಿ ತೋರಿಸಲು ಹೇಳಿದರು. ಐದು ವರ್ಷದವರಲ್ಲಿ ಹುಡುಗ ಹುಡುಗಿ ಇಬ್ಬರೂ ತಂತಮ್ಮ ಕಡೆಯವರನ್ನೇ ಆರಿಸಿದರು. ಆರು ಏಳಕ್ಕೆ ಬರುವಷ್ಟರಲ್ಲಿ ಹುಡುಗಿಯರು ಹೆಣ್ಣನ್ನು ಆರಿಸುವುದು ಕಡಿಮೆಯಾಯಿತು. 'ತುಂಬಾ ಬುದ್ಧಿವಂತರಿಗಾಗಿ ಇರುವ ಆಟ' ಎಂದು ಹೇಳಿದ ಆಟದಲ್ಲೂ ಅವರ ಆಸಕ್ತಿ ಇಳಿಯಿತು. ಕಷ್ಟಪಟ್ಟು ಪ್ರಯತ್ನಿಸುವವರ ಆಟ ಎಂದಾಗ ಹಾಗಾಗಲಿಲ್ಲ. ಎರಡು ವರ್ಷದ ಬಳಿಕ, 2019ರಲ್ಲಿ, ಮಾರ್ಜೊರಿ ರೋಡ್ಸ್ ಮತ್ತು ಸಂಗಡಿಗರು ನಾಲ್ಕೈದು ವರ್ಷದ ಮಕ್ಕಳ ಜೊತೆ ಮಾಡಿದ ಅಧ್ಯಯನದಲ್ಲಿ, 'ಬನ್ನಿ, ವಿಜ್ಞಾನಿಗಳಾಗೋಣ' ಎನ್ನುವ ಬದಲು 'ಬನ್ನಿ, ವಿಜ್ಞಾನ ಮಾಡೋಣ' ಎಂದು ಕರೆದಾಗ ಹುಡುಗಿಯರು ವಿಜ್ಞಾನದ ಆಟವನ್ನು ಹೆಚ್ಚು ಹೊತ್ತು ಬಿಡದೆ ಆಡಿದರು.

ಇವೆರಡನ್ನೂ ಜೋಡಿಸಿ ನೋಡಿದರೆ ಶಿಕ್ಷಕರಿಗೆ ಒಂದು ದಾರಿ ಕಾಣುತ್ತದೆ. ವಿಜ್ಞಾನವೆಂದರೆ ಅಪರೂಪದ ಮಿದುಳಿನವರ ಕೆಲಸ ಎಂದು ಮಗು ನಂಬಿದರೆ, ಆ ಮಿದುಳು ತನಗಿಲ್ಲ ಎಂದು ಆಗಲೇ ಅಂದುಕೊಂಡಿರುವ ಹುಡುಗಿ ಹಿಂದೆ ಸರಿಯುತ್ತಾಳೆ. ವಿಜ್ಞಾನವೆಂದರೆ ನೋಡುವ, ಅಳೆಯುವ, ತಪ್ಪು ಹುಡುಕುವ, ಮತ್ತೆ ಮಾಡುವ ಕೆಲಸ ಎಂದು ಗೊತ್ತಾದರೆ ಹಿಂದೆ ಸರಿಯಲು ಕಾರಣವೇ ಉಳಿಯುವುದಿಲ್ಲ. ಹಾಗಾಗಿ ಲಿಂಗಸಮಾನತೆಗೆ ಒಂದು ಪೀರಿಯಡ್ಡು, ವಿಜ್ಞಾನದ ವಿಧಾನಕ್ಕೆ ಇನ್ನೊಂದು ಎಂದು ಬೇರ್ಪಡಿಸುವುದು ನನ್ನ ಮಟ್ಟಿಗೆ ವ್ಯರ್ಥ. ಒಂದನ್ನು ಸರಿಯಾಗಿ ಮಾಡಿದರೆ ಇನ್ನೊಂದು ಅದರಲ್ಲೇ ಬರುತ್ತದೆ.

ಮೊದಲು, ತರಗತಿಯಲ್ಲಿ ಏನಿದೆ ಅನ್ನುವುದನ್ನು ತಿಳಿಯಬೇಕು. ಇದಕ್ಕೆ ಬಹಳ ಬಳಕೆಯಲ್ಲಿರುವುದು 'ವಿಜ್ಞಾನಿಯ ಚಿತ್ರ ಬರೆಯಿರಿ' ಎಂಬ ಪರೀಕ್ಷೆ. ಡೇವಿಡ್ ಚೇಂಬರ್ಸ್ ಮುಖ್ಯವಾಗಿ ಕೆನಡಾ ಮತ್ತು ಅಮೆರಿಕದ 4,807 ಮಕ್ಕಳಿಂದ ಬರೆಸಿ 1983ರಲ್ಲಿ ಪ್ರಕಟಿಸಿದರು. ಹೆಣ್ಣು ವಿಜ್ಞಾನಿ ಕಾಣಿಸಿಕೊಂಡದ್ದು ಕೇವಲ 28 ಚಿತ್ರಗಳಲ್ಲಿ, ಅಷ್ಟನ್ನೂ ಬರೆದವರು ಹುಡುಗಿಯರು. ಐದು ದಶಕಗಳ ಅಮೆರಿಕದ ಇಂಥ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ ಡೇವಿಡ್ ಮಿಲ್ಲರ್ ಮತ್ತು ಸಂಗಡಿಗರು 2018ರಲ್ಲಿ ಬರೆದಾಗ, ಈಚಿನ ಅಧ್ಯಯನಗಳಲ್ಲಿ ಈ ಪ್ರಮಾಣ ಸರಾಸರಿ ಶೇ. 28ಕ್ಕೆ ಏರಿತ್ತು. ಆದರೆ ಆರು ವರ್ಷದ ಹುಡುಗಿಯರಲ್ಲಿ ಸುಮಾರು ಶೇ. 70ರಷ್ಟು ಜನ ಹೆಣ್ಣು ವಿಜ್ಞಾನಿಯನ್ನು ಬರೆದರೆ, ಹದಿನಾರರಲ್ಲಿ ಅದು ಸುಮಾರು ಶೇ. 25ಕ್ಕೆ ಕುಸಿಯುತ್ತದೆ. ನಮ್ಮ ಪ್ರಾಥಮಿಕ ಶಾಲೆಯ ವರ್ಷಗಳು ಬರುವುದು ಈ ಇಳಿಜಾರಿನ ಮೇಲೇ.

ಮಾಡಿಸುವುದು ಸುಲಭ, ಕೆಡಿಸುವುದು ಇನ್ನೂ ಸುಲಭ. ಪ್ರತಿ ಮಗುವಿಗೆ ಒಂದು ಖಾಲಿ ಎ4 ಹಾಳೆ, ಪೆನ್ಸಿಲ್ಲು, ಇಪ್ಪತ್ತು ನಿಮಿಷ. ಗೋಡೆಯ ಮೇಲಿರುವ ಕಲಾಂ, ರಾಮನ್, ಐನ್‌ಸ್ಟೈನ್ ಪಟಗಳನ್ನು ಹಿಂದಿನ ದಿನವೇ ತೆಗೆಯಿರಿ. ಇಲ್ಲದಿದ್ದರೆ ಮಕ್ಕಳು ಅದನ್ನೇ ನೋಡಿ ಬರೆಯುತ್ತಾರೆ. ಸೂಚನೆ ಕೊಡುವಾಗ ಕನ್ನಡದ ಕ್ರಿಯಾಪದದ ಮೇಲೆ ಎಚ್ಚರವಿರಲಿ. 'ವಿಜ್ಞಾನಿ ಏನು ಮಾಡ್ತಿದ್ದಾನೆ' ಎಂದರೆ ಉತ್ತರವನ್ನು ನೀವೇ ಹೇಳಿಕೊಟ್ಟಂತೆ. 'ಕೆಲಸ ಮಾಡ್ತಿರೋ ವಿಜ್ಞಾನಿಯ ಚಿತ್ರ ಬರೀರಿ' ಎಂದು ಒಂದೇ ಸಲ ಹೇಳಿ ನಿಲ್ಲಿಸಿ. ಯಾರಾದರೂ 'ಗಂಡಸಾ ಹೆಂಗಸಾ ಟೀಚರ್?' ಅಂತ ಕೇಳಿದರೆ 'ನಿನಗೆ ತೋಚಿದ ಹಾಗೆ' ಅನ್ನಿ. ಮಕ್ಕಳನ್ನು ದೂರ ದೂರ ಕೂರಿಸಿ, ಯಾಕೆಂದರೆ ಒಬ್ಬ ಬಿಳಿ ಕೋಟು ಬರೆದರೆ ಆ ಸಾಲೆಲ್ಲ ಬಿಳಿ ಕೋಟಾಗುತ್ತದೆ. ಚಿತ್ರದಲ್ಲಿರುವುದು ಗಂಡೋ ಹೆಣ್ಣೋ ಎಂದು ತಲೆಗೂದಲು ನೋಡಿ ನೀವು ತೀರ್ಮಾನಿಸಬೇಡಿ. ಕಡ್ಡಿಯಂಥ ಆಕೃತಿಗಳೇ ಹೆಚ್ಚಿರುವುದರಿಂದ ಬರೆದವರನ್ನೇ ಕೇಳಿ ಹಾಳೆಯ ಮೂಲೆಯಲ್ಲಿ ಗುರುತು ಹಾಕಿಕೊಳ್ಳಿ.

ಚಿತ್ರ ಹೇಳುವುದು ಯಾರು ಎಂಬುದನ್ನಷ್ಟೇ. ಹೇಗೆ ಎಂಬುದಕ್ಕೆ ಹಾಳೆಯ ಹಿಂದೆ ಮೂರು ಪ್ರಶ್ನೆ ಬರೆಸಿ: ಇವರು ಏನನ್ನು ತಿಳಿಯಲು ಹೊರಟಿದ್ದಾರೆ? ಅದು ಗೊತ್ತಾಯಿತು ಅಂತ ಇವರಿಗೆ ಹೇಗೆ ಖಾತ್ರಿಯಾಗುತ್ತದೆ? ಇನ್ನೊಬ್ಬ ವಿಜ್ಞಾನಿ ಒಪ್ಪದಿದ್ದರೆ ಏನು ಮಾಡುತ್ತಾರೆ? ಬರೆಯಲು ಕಷ್ಟಪಡುವ ಮಕ್ಕಳ ಉತ್ತರವನ್ನು ಬಾಯಲ್ಲಿ ಕೇಳಿ ನೀವೇ ಬರೆದುಕೊಳ್ಳಿ. ಇಲ್ಲದಿದ್ದರೆ ನೀವು ಅಳೆಯುವುದು ಬರವಣಿಗೆಯನ್ನು. ಮೂರನೆಯ ಪ್ರಶ್ನೆಯ ಉತ್ತರಗಳೇ ನನಗೆ ಎಲ್ಲಕ್ಕಿಂತ ಮುಖ್ಯ. 'ದೊಡ್ಡ ವಿಜ್ಞಾನಿಯನ್ನು ಕೇಳುತ್ತಾರೆ' ಮತ್ತು 'ಇನ್ನೊಂದು ಸಲ ಮಾಡಿ ತೋರಿಸುತ್ತಾರೆ', ಈ ಎರಡು ಉತ್ತರಗಳ ನಡುವೆಯೇ ನಮ್ಮ ಕೆಲಸವೆಲ್ಲ ಇರುವುದು.

ಇನ್ನು ಆ ಕೆಲಸಕ್ಕೆ ಬರೋಣ. ಲೋಲಕದಷ್ಟು ಅಗ್ಗದ, ಅದರಷ್ಟು ಪ್ರಾಮಾಣಿಕ ಸಾಧನ ನನಗೆ ಬೇರೆ ಗೊತ್ತಿಲ್ಲ. ಹಾರ್ಡ್‌ವೇರ್ ಅಂಗಡಿಯ ದಪ್ಪ ನಟ್ಟು ಒಂದು, ನೈಲಾನ್ ದಾರ ಒಂದೂವರೆ ಮೀಟರು, ಅಳತೆ ಟೇಪು, ಸ್ಟಾಪ್‌ವಾಚ್ ಇರುವ ಮೊಬೈಲು. ಗೋಣಿ ದಾರ ಬೇಡ. ಅದರ ಹುರಿ ಬಿಚ್ಚಿಕೊಂಡು ನಟ್ಟು ಬುಗುರಿಯಂತೆ ತಿರುಗತೊಡಗುತ್ತದೆ. ಕಿಟಕಿಯ ಸರಳಿಗೆ ದಾರವನ್ನು ಬಿಗಿಯಾಗಿ ಗಂಟು ಹಾಕಿ, ಸಡಿಲವಾಗಿ ಸುತ್ತಿದರೆ ತೂಗುವಾಗ ಜಾರಿ ಉದ್ದ ಬದಲಾಗುತ್ತದೆ. ಗಂಟಿನಿಂದ ನಟ್ಟಿನ ನಡುವಿನವರೆಗೆ ಸರಿಯಾಗಿ 100 ಸೆಂಟಿಮೀಟರು ಇರಲಿ. ನಟ್ಟನ್ನು ಅರ್ಧ ಗೇಣು, ಅಂದರೆ 10 ಸೆಂಟಿಮೀಟರಿನಷ್ಟು, ಪಕ್ಕಕ್ಕೆಳೆದು ತಳ್ಳದೆ ಬಿಡಬೇಕು. ಹೋಗಿ ಬಂದರೆ ಒಂದು ತೂಗಾಟ. ಹತ್ತು ತೂಗಾಟಕ್ಕೆ ಎಷ್ಟು ಹೊತ್ತು?

ಉತ್ತರ 20 ಸೆಕೆಂಡಿಗೆ ತೀರಾ ಹತ್ತಿರ. ಇದನ್ನು ನೀವು ಹೇಳಬಾರದು, ಕೊನೆಯವರೆಗೂ.

ಕೆಲಸ ನಾಲ್ಕು: ಬಿಡುವುದು, ಎಣಿಸುವುದು, ಗಡಿಯಾರ ಒತ್ತುವುದು, ಬರೆಯುವುದು. ನಾಲ್ಕು ರಟ್ಟಿನ ಚೀಟಿಗಳ ಮೇಲೆ ಬರೆದು ಹಂಚಿ. ಒಂದು ಸುತ್ತಿನಲ್ಲಿ ಮೂರು ಸಲ ಅಳತೆ, ಆಮೇಲೆ ಚೀಟಿ ಬಲಗಡೆಯವರಿಗೆ. ನಾಲ್ಕು ಸುತ್ತಿಗೆ ಒಂದು ಗುಂಪಿನಿಂದ 12 ಅಳತೆ. ಎಲ್ಲವನ್ನೂ ಮೊದಲೇ ಜೋಡಿಸಿಟ್ಟಿದ್ದರೆ 40 ನಿಮಿಷದ ಪೀರಿಯಡ್ಡಿನಲ್ಲಿ ಮುಗಿಯುತ್ತದೆ, ಮಾತಿಗೂ ಹತ್ತು ನಿಮಿಷ ಉಳಿಯುತ್ತದೆ. ಗುಂಪು ಮಾಡುವಾಗ ಮೂವರು ಹುಡುಗರ ನಡುವೆ ಒಬ್ಬಳೇ ಹುಡುಗಿ ಬರದಂತೆ ನೋಡಿಕೊಳ್ಳಿ. ಎರಡು-ಎರಡು ಆಗಲಿ, ಇಲ್ಲವೇ ನಾಲ್ವರೂ ಹುಡುಗಿಯರಾಗಲಿ.

ಚೀಟಿ ಕೊಟ್ಟ ಮಾತ್ರಕ್ಕೆ ಕೈ ಬದಲಾಗುವುದಿಲ್ಲ ಅನ್ನುವುದು ನೆನಪಿರಲಿ. ಗಡಿಯಾರದ ಚೀಟಿ ಅವಳ ಹತ್ತಿರವಿದ್ದರೂ 'ಕೊಡೇ ಇಲ್ಲಿ, ನಾನು ಒತ್ತಿ ಕೊಡ್ತೀನಿ' ಎಂಬ ಮಾತು ಮೊದಲ ಸುತ್ತಿನಲ್ಲೇ ಕೇಳುತ್ತದೆ. ಸಹಾಯ ಮಾಡುವ ಮನಸ್ಸಿನಿಂದಲೇ ಬರುವ ಮಾತು ಅದು. ಹಾಗಾಗಿ ಬೈದು ಪ್ರಯೋಜನವಿಲ್ಲ. ಒಂದು ನಿಯಮ ಸಾಕು: ಸಹಾಯ ಮಾಡುವವರು ಬಾಯಲ್ಲಿ ಹೇಳಬಹುದು, ಕೈ ಬೆನ್ನ ಹಿಂದೆ ಇರಬೇಕು. ಇದು ನಮಗೂ ಅನ್ವಯಿಸುತ್ತದೆ. ಹುಡುಗಿ ತಡವರಿಸಿದಾಗ ನಾವು ಬಗ್ಗಿ ಮಾಡಿಕೊಟ್ಟು, ಹುಡುಗ ತಡವರಿಸಿದಾಗ 'ಇನ್ನೊಂದ್ಸಲ ನೋಡೋ' ಅನ್ನುತ್ತೇವೆ. ಎರಡನೆಯದೇ ಕಲಿಸುವುದು.

ಹನ್ನೆರಡು ಅಳತೆಗಳು ಬಂದ ಮೇಲೆ ಬೋರ್ಡಿನ ಮೇಲೆ ಅಡ್ಡಗೆರೆ ಎಳೆದು, ಅರ್ಧರ್ಧ ಸೆಕೆಂಡಿಗೆ ಮನೆ ಮಾಡಿ, ಪ್ರತಿ ಅಳತೆಗೂ ಒಂದು ಚುಕ್ಕೆ ಇಡಿಸಿ. ಆರು ಗುಂಪಿದ್ದರೆ 72 ಚುಕ್ಕೆ. ನಡುವೆ ಗುಡ್ಡ ಎದ್ದು ನಿಲ್ಲುತ್ತದೆ. 18ರ ಹತ್ತಿರ ಒಂದಷ್ಟು, 10ರ ಹತ್ತಿರ ಒಂದೆರಡು ಚುಕ್ಕೆ ಬೇರೆಯಾಗಿ ಕುಳಿತಿರಬಹುದು. ಇವು ಅಮೂಲ್ಯ. 18 ಬಂದವರು ನಟ್ಟು ಬಿಟ್ಟ ಕ್ಷಣಕ್ಕೇ 'ಒಂದು' ಎಂದಿರುತ್ತಾರೆ, ಹಾಗಾಗಿ ಎಣಿಸಿದ್ದು ಒಂಬತ್ತೇ ತೂಗಾಟ. ಬಿಟ್ಟಾಗ 'ಸೊನ್ನೆ' ಅನ್ನಬೇಕು. 10 ಬಂದವರು ಹೋದದ್ದನ್ನೂ ಬಂದದ್ದನ್ನೂ ಬೇರೆ ಬೇರೆ ಎಣಿಸಿರುತ್ತಾರೆ. ಅದು ಯಾರ ಚುಕ್ಕೆ ಎಂದು ಕೇಳಬೇಡಿ. ಹೇಗೆ ಮಾಡಿದರೆ ಈ ಸಂಖ್ಯೆ ಬರಬಹುದು ಎಂದು ಇಡೀ ತರಗತಿಯನ್ನು ಕೇಳಿ, ಮಾಡಿ ನೋಡಲು ಬಿಡಿ. ತಪ್ಪಿಗೂ ಕಾರಣವಿದೆ, ಅದನ್ನು ಹುಡುಕಬಹುದು ಎಂದು ಗೊತ್ತಾದ ಮಗು ತಪ್ಪು ಮಾಡಲು ಅಷ್ಟಾಗಿ ಹೆದರುವುದಿಲ್ಲ. ತಪ್ಪಾದೀತು ಎಂದು ಕೈ ಎತ್ತದೆ ಕೂರುವ, ಅಚ್ಚುಕಟ್ಟಿನ ಹುಡುಗಿಯರಿಗೆ ಇದಕ್ಕಿಂತ ದೊಡ್ಡ ಪಾಠ ಇಲ್ಲ.

ಗುಡ್ಡದೊಳಗಿನ ಚದುರುವಿಕೆಗೆ ಬೇರೆ ಕಾರಣ. 19.8, 20.3, 20.1 ಇವೆಲ್ಲ ಬೆರಳಿನ ವ್ಯತ್ಯಾಸ. ಕಣ್ಣು ಕಂಡು ಬೆರಳು ಒತ್ತಲು ಸುಮಾರು ಐದನೇ ಒಂದು ಸೆಕೆಂಡು ಬೇಕು. ಮೊಬೈಲು 19.87 ಎಂದು ತೋರಿಸಿದರೂ ಆ ಕೊನೆಯ 7ಕ್ಕೆ ಅರ್ಥವಿಲ್ಲ. ಇದನ್ನು ನಂಬಿಸಲು ಗಡಿಯಾರ ಹಿಡಿದಿರಬೇಕು, ಕೇಳಿದರೆ ಸಾಲದು. ನಾಲ್ವರೂ ಹಿಡಿಯಲೇಬೇಕು ಎಂದು ನಾನು ಹಟ ಹಿಡಿಯುವುದು ಇದಕ್ಕೇ.

ಮರುದಿನ ಭಾರ ಹೆಚ್ಚಿಸಿದರೆ ಏನಾಗುತ್ತದೆ ಎಂದು ಕೇಳಿ, ಮೊದಲು ಎರಡು ನಿಮಿಷ ಎಲ್ಲರೂ ಮಾತಾಡದೆ ಊಹೆಯನ್ನು ಬರೆಯಲಿ. ಬರೆಯುವ ಮೊದಲು ಚರ್ಚೆ ಬಿಟ್ಟರೆ ಮೊದಲು ಕೂಗಿದವರ ಊಹೆಯೇ ಎಲ್ಲರದ್ದಾಗುತ್ತದೆ. ಭಾರ ಬದಲಾದರೂ ಹೊತ್ತು ಬದಲಾಗದು, ಆದರೆ ಇಲ್ಲೊಂದು ಬಲೆಯಿದೆ. ನಟ್ಟುಗಳನ್ನು ಒಂದರ ಕೆಳಗೊಂದು ನೇತು ಹಾಕಿದರೆ ಭಾರದ ನಡು ಕೆಳಗಿಳಿದು ಲೋಲಕದ ಉದ್ದವೇ ಹೆಚ್ಚಾದಂತೆ ಆಗುತ್ತದೆ. 25 ಸೆಂಟಿಮೀಟರಿನ ಲೋಲಕದಲ್ಲಿ ನಡು ಎರಡೂವರೆ ಸೆಂಟಿಮೀಟರು ಇಳಿದರೆ, ಹತ್ತು ತೂಗಾಟದ ಹೊತ್ತು 10ರಿಂದ ಹತ್ತೂವರೆ ಸೆಕೆಂಡಿಗೆ ಏರುತ್ತದೆ. 'ಭಾರವಾದದ್ದು ನಿಧಾನ' ಎಂದು ಮಕ್ಕಳು ತೀರ್ಮಾನಿಸಿಬಿಡುತ್ತಾರೆ. ನಟ್ಟುಗಳನ್ನು ಒಂದೇ ಮಟ್ಟದಲ್ಲಿ ಪಕ್ಕಪಕ್ಕ ಕಟ್ಟಿ.

ಲಿಂಗ ಮತ್ತು ವಿಜ್ಞಾನದ ವಿಧಾನ ನೇರವಾಗಿ ಕೂಡುವ ಇನ್ನೊಂದು ಚಟುವಟಿಕೆ ಕೋಳಿಗಳದ್ದು. ಊರಿನ ಶಾಲೆಯಾದರೆ ಬೇಲಿಯಾಚೆಯೇ ಸಿಗುತ್ತವೆ. ಪೇಟೆಯಲ್ಲಿ ಪಾರಿವಾಳ, ಕಾಗೆ ಆದೀತು. ನಾಯಿ ಬೇಡ. ಮೊದಲ ಐದು ನಿಮಿಷ ಕಂಡದ್ದನ್ನೆಲ್ಲ ಬರೆಯಲು ಹೇಳಿ. ಎರಡನೆಯ ಐದು ನಿಮಿಷಕ್ಕೆ ಪ್ರತಿ ಜೋಡಿಗೂ ಚೀಟಿ ಎತ್ತಿಸಿ ಒಂದೊಂದು ಕೋಳಿಯನ್ನು ಗೊತ್ತು ಮಾಡಿ. ಅರ್ಧ ನಿಮಿಷಕ್ಕೊಮ್ಮೆ ನೀವು ಚಪ್ಪಾಳೆ ತಟ್ಟಿದಾಗ ಆ ಕೋಳಿ ಆ ಕ್ಷಣ ಏನು ಮಾಡುತ್ತಿದೆಯೋ ಅದನ್ನಷ್ಟೇ ಬರೆಯಬೇಕು: ಕೆದಕುವುದು, ಕುಕ್ಕುವುದು, ನಡೆಯುವುದು, ನಿಂತಿರುವುದು, ಜಗಳ. ಒಬ್ಬರು ನೋಡಿ ಹೇಳಲಿ, ಇನ್ನೊಬ್ಬರು ಬರೆಯಲಿ, ಐದು ಚಪ್ಪಾಳೆಗೆ ಕೆಲಸ ಅದಲು ಬದಲು. ಒಟ್ಟು ಹತ್ತು ದಾಖಲೆ. ಕೋಳಿ ಮರೆಯಾದರೆ 'ಕಾಣಲಿಲ್ಲ' ಎಂದೇ ಬರೆಯಬೇಕು, ಊಹಿಸಿ ತುಂಬಬಾರದು. ತಮ್ಮ ಕೋಳಿ ಸುಮ್ಮನೆ ನಿಂತಿತೆಂದು ಬೇಸರಪಟ್ಟು ಹುಂಜದ ಕಡೆ ಕಣ್ಣು ಹೊರಳಿಸುವುದು ಸಾಮಾನ್ಯವಾಗಿ ಆಗುವ ತಪ್ಪು.

ಎರಡು ಪಟ್ಟಿಗಳನ್ನು ಪಕ್ಕದಲ್ಲಿಟ್ಟು ಓದಿಸಿ. ಮೊದಲನೆಯದರಲ್ಲಿ ಹುಂಜದ ಕೂಗು, ಅಟ್ಟಿಸಿಕೊಂಡು ಹೋದದ್ದು, ರೆಕ್ಕೆ ಬಡಿದದ್ದು ಎದ್ದು ಕಾಣುತ್ತದೆ. ಎರಡನೆಯದರಲ್ಲಿ ಕೆದಕುವುದು ಕುಕ್ಕುವುದೇ ಹೆಚ್ಚು. ಕೋಳಿಗಳು ಅವೇ, ನೋಡಿದ ಮಕ್ಕಳೂ ಅವರೇ, ಬದಲಾದದ್ದು ನೋಡುವ ನಿಯಮ. ಕೀನ್ಯಾದ ಅಂಬೊಸೆಲಿಯಲ್ಲಿ ಬಬೂನ್ ಕೋತಿಗಳನ್ನು ಅಧ್ಯಯನ ಮಾಡಿದ ಜೀನ್ ಆಲ್ಟ್‌ಮನ್ 1974ರಲ್ಲಿ ಬರೆದ ಪ್ರಬಂಧದ ತಿರುಳು ಇದೇ. ಕಂಡದ್ದನ್ನು ಬರೆದುಕೊಳ್ಳುವ ಪದ್ಧತಿಯಲ್ಲಿ ಕಣ್ಣು ಸಹಜವಾಗಿಯೇ ದೊಡ್ಡ ಗಂಡುಗಳ ಗದ್ದಲದ ಕಡೆ ಹೋಗುತ್ತದೆ. ಹೆಣ್ಣು, ಮರಿ, ಸದ್ದಿಲ್ಲದ ದಿನಚರಿ ದಾಖಲೆಗೇ ಬರುವುದಿಲ್ಲ. ಪ್ರತಿ ಪ್ರಾಣಿಗೂ ಗೊತ್ತಾದ ಸರದಿ, ಗೊತ್ತಾದ ಅವಧಿ ಕೊಟ್ಟಾಗ ಮಾತ್ರ ಗುಂಪಿನ ನಿಜವಾದ ಬದುಕು ಕಾಗದದ ಮೇಲೆ ಬರುತ್ತದೆ. ಆಕೆಯ ಆ ಪ್ರಬಂಧ ಪ್ರಾಣಿಗಳ ವರ್ತನೆಯ ಅಧ್ಯಯನದ ರೀತಿಯನ್ನೇ ಬದಲಿಸಿತು.

ಇದನ್ನು ಮಕ್ಕಳಿಗೆ ಹೇಳುವಾಗ ಜಾರಬಾರದ ಒಂದು ಜಾಗವಿದೆ. 'ಹೆಂಗಸರು ಸೂಕ್ಷ್ಮವಾಗಿ ನೋಡುತ್ತಾರೆ, ಅದಕ್ಕೇ ಅವರಿಗೆ ಕಂಡಿತು' ಎಂದರೆ ಹಳೆಯ ಕಥೆಯನ್ನೇ ತಿರುಗಿಸಿ ಹೇಳಿದಂತಾಯಿತು. ಆಲ್ಟ್‌ಮನ್ ಕೊಟ್ಟದ್ದು ಯಾರು ಬೇಕಾದರೂ ಬಳಸಬಹುದಾದ ನಿಯಮ, ಗಂಡಸರೂ ಬಳಸುತ್ತಿದ್ದಾರೆ. ನೋಡುವವರು ಯಾರೇ ಆದರೂ ಕಣ್ಣು ಪಕ್ಷ ವಹಿಸಬಹುದು, ಅದಕ್ಕೇ ವಿಜ್ಞಾನದಲ್ಲಿ ನಿಯಮ ಬೇಕು. ಹತ್ತು ವರ್ಷದ ಮಗುವಿಗೆ ಇದು ಚೆನ್ನಾಗಿಯೇ ಅರ್ಥವಾಗುತ್ತದೆ, ಪಟ್ಟಿ ಅವರ ಕೈಯಲ್ಲೇ ಇರುತ್ತದಲ್ಲ.

ಮಹಿಳಾ ವಿಜ್ಞಾನಿಗಳ ಕಥೆಗಳ ವಿಷಯ. ಪಟ ಅಂಟಿಸಿ, 'ಇವರು ಮಹಾ ಮೇಧಾವಿ, ಎಲ್ಲ ಕಷ್ಟಗಳನ್ನೂ ಮೆಟ್ಟಿ ನಿಂತರು' ಎಂದು ಭಾಷಣ ಮಾಡಿದರೆ ಆಗುವ ಲಾಭ ಕಡಿಮೆ. ಮೇಧಾವಿ ಎಂಬ ಮಾತೇ ಆರು ವರ್ಷದ ಹುಡುಗಿಯನ್ನು ಹಿಂದಕ್ಕೆ ತಳ್ಳಿದ್ದು. ಕಥೆಯಲ್ಲಿ ಆಧಾರ, ಅನುಮಾನ, ಮರುಪರೀಕ್ಷೆ ಇರಬೇಕು. ಸಿಸಿಲಿಯಾ ಪೇನ್ 1925ರ ತಮ್ಮ ಪ್ರಬಂಧದಲ್ಲಿ ನಕ್ಷತ್ರಗಳ ಬೆಳಕನ್ನು ಲೆಕ್ಕ ಹಾಕಿ, ಅವುಗಳಲ್ಲಿ ಹೈಡ್ರೋಜನ್ ಉಳಿದೆಲ್ಲಕ್ಕಿಂತ ಬಹುಪಾಲು ಹೆಚ್ಚು ಎಂದು ಕಂಡುಕೊಂಡರು. ಆಗಿನ ಹಿರಿಯ ಖಗೋಳ ವಿಜ್ಞಾನಿ ಹೆನ್ರಿ ನಾರಿಸ್ ರಸೆಲ್ ಒಪ್ಪಲಿಲ್ಲ. ತಮ್ಮ ಫಲಿತಾಂಶ ಹೆಚ್ಚುಕಡಿಮೆ ಖಂಡಿತವಾಗಿಯೂ ನಿಜವಲ್ಲ ಎಂದು ಪೇನ್ ಪ್ರಬಂಧದಲ್ಲೇ ಬರೆಯಬೇಕಾಯಿತು. 1929ರಲ್ಲಿ ರಸೆಲ್ ಬೇರೆ ದಾರಿಯಿಂದ ಅದೇ ಉತ್ತರಕ್ಕೆ ಬಂದು ಒಪ್ಪಿಕೊಂಡರು. ಇಲ್ಲಿ ಕಥೆ ನಿಲ್ಲಿಸಿ ಕೇಳಿ: ರಸೆಲ್ ಮನಸ್ಸು ಬದಲಾದದ್ದು ಯಾಕೆ? ನಾಲ್ಕು ವರ್ಷ ಯಾಕೆ ಬೇಕಾಯಿತು? ಎರಡನೆಯ ಪ್ರಶ್ನೆಗೆ ಮಕ್ಕಳು ಕೊಡುವ ಉತ್ತರಗಳನ್ನು ತಿದ್ದದೆ ಕೇಳಿಸಿಕೊಳ್ಳಿ.

ನಮ್ಮ ಬೆಂಗಳೂರಿನದೇ ಬೇಕಾದರೆ ಕಮಲಾ ಸೊಹೊನಿ ಇದ್ದಾರೆ. 1933ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಗೆ ಅರ್ಜಿ ಹಾಕಿದಾಗ, ಹೆಣ್ಣೆಂಬ ಕಾರಣಕ್ಕೆ ಸಿ. ವಿ. ರಾಮನ್ ಮೊದಲು ನಿರಾಕರಿಸಿದರು. ಪಟ್ಟು ಬಿಡದಿದ್ದಾಗ ಒಂದು ವರ್ಷ ಕೆಲಸ ನೋಡಿ ಆಮೇಲೆ ತೀರ್ಮಾನ ಎಂಬ ಷರತ್ತಿನ ಮೇಲೆ ಸೇರಿಸಿಕೊಂಡರು. 1939ರಲ್ಲಿ ಆಕೆ ಕೇಂಬ್ರಿಡ್ಜ್‌ನಿಂದ ಪಿಎಚ್‌ಡಿ ಪಡೆದರು. ರಾಮನ್ ನಮ್ಮ ಹೆಮ್ಮೆ, ಇದನ್ನು ಮಕ್ಕಳಿಗೆ ಹೇಳಬೇಕೇ ಎಂದು ಕೆಲವರು ಹಿಂಜರಿಯುತ್ತಾರೆ. ಹೇಳಬೇಕು. ಬೆಳಕಿನ ಬಗ್ಗೆ ಅಷ್ಟು ಎಚ್ಚರದಿಂದ ಆಧಾರ ಕೇಳಿದವರೂ ಮನುಷ್ಯರ ಬಗ್ಗೆ ಆಧಾರವಿಲ್ಲದೆ ತೀರ್ಮಾನಿಸಬಹುದು ಎಂಬುದು ವಿಜ್ಞಾನ ಹೇಗೆ ನಡೆಯುತ್ತದೆ ಎಂಬುದರ ಭಾಗವೇ. ಅಳತೆಯ ಪಾಠಕ್ಕಾದರೆ ಅಣ್ಣಾ ಮಣಿ ಹೇಳಿಮಾಡಿಸಿದವರು. 1948ರಲ್ಲಿ ಹವಾಮಾನ ಇಲಾಖೆ ಸೇರಿ, ಸುಮಾರು ನೂರು ಹವಾಮಾನ ಉಪಕರಣಗಳ ನಕ್ಷೆಗಳನ್ನು ಒಂದೇ ಮಾನಕಕ್ಕೆ ತಂದವರು. ಎರಡು ಥರ್ಮಾಮೀಟರುಗಳನ್ನು ಒಂದೇ ಲೋಟ ನೀರಿನಲ್ಲಿಟ್ಟು ಬೇರೆ ಬೇರೆ ಓದಿಕೆ ಬಂದದ್ದನ್ನು ತೋರಿಸಿ ಆ ಕಥೆ ಶುರು ಮಾಡಿ.

ಇಷ್ಟೆಲ್ಲ ಮಾಡುವಾಗ ನಿಮ್ಮ ಮಾತನ್ನೂ ಒಮ್ಮೆ ಅಳೆಯಿರಿ. ಸಹೋದ್ಯೋಗಿಯೊಬ್ಬರನ್ನು ಹಿಂದೆ ಕೂರಿಸಿ, 20 ನಿಮಿಷ ಟಿಕ್ ಹಾಕಲು ಹೇಳಿ: ಹೆಸರು ಹೇಳು, ಎಷ್ಟು ಬಂತು ಎಂಬ ನೆನಪಿನ ಪ್ರಶ್ನೆ ಯಾರಿಗೆ ಹೋಯಿತು, 'ಯಾಕೆ', 'ಹೇಗೆ ಗೊತ್ತು' ಎಂಬ ಪ್ರಶ್ನೆ ಯಾರಿಗೆ ಹೋಯಿತು. ಹೊಗಳಿಕೆ ಅಕ್ಷರಕ್ಕೆ ಬಿತ್ತೋ, ಯೋಚನೆಗೆ ಬಿತ್ತೋ. ಕೆವಿನ್ ಕ್ರೌಲಿ ಮತ್ತು ಸಂಗಡಿಗರು 2001ರಲ್ಲಿ ಪ್ರಕಟಿಸಿದಂತೆ, ಮಕ್ಕಳ ವಸ್ತುಸಂಗ್ರಹಾಲಯವೊಂದರಲ್ಲಿ ತಂದೆತಾಯಿ ಗಂಡುಮಕ್ಕಳಿಗೆ ವಿವರಣೆ ಕೊಡುವ ಸಾಧ್ಯತೆ ಹೆಣ್ಣುಮಕ್ಕಳಿಗೆ ಕೊಡುವುದರ ಮೂರು ಪಟ್ಟು ಇತ್ತು. ಪಕ್ಷಪಾತ ಮಾಡಬೇಕೆಂದು ಯಾರೂ ಹೊರಟಿರಲಿಲ್ಲ. ಪ್ರಶ್ನೆ ಕೇಳಿ ಮೂರು ಸೆಕೆಂಡಾದರೂ ಸುಮ್ಮನಿರಿ. ಶಿಕ್ಷಕರು ಸಾಮಾನ್ಯವಾಗಿ ಕಾಯುವುದು ಒಂದು ಸೆಕೆಂಡಿನಷ್ಟೇ ಎಂದು ಮೇರಿ ಬಡ್ ರೋ 1970ರ ದಶಕದಲ್ಲೇ ತೋರಿಸಿದ್ದಾರೆ. ಆ ಒಂದು ಸೆಕೆಂಡು ದಕ್ಕುವುದು ಯೋಚಿಸುವ ಮೊದಲೇ ಕೂಗುವವರಿಗೆ.

ವರ್ಷದ ಕೊನೆಗೆ ಬದಲಾವಣೆ ಆಗಿದೆಯೇ ಎಂದು ನೋಡಲು ಆ ಮೂರು ಪ್ರಶ್ನೆಗಳನ್ನೇ ಮತ್ತೆ ಕೇಳಿ, ಜೊತೆಗೆ ಡೈನೋಸಾರಿನ ಪ್ರಶ್ನೆಯೊಂದನ್ನು ಸೇರಿಸಿ. ಗುಜರಾತಿನಲ್ಲಿ ಸಿಕ್ಕ ಮೂಳೆಗಳಿಂದ ಗುರುತಿಸಿದ ಡೈನೋಸಾರಿಗೆ 2003ರಲ್ಲಿ 'ರಾಜಾಸಾರಸ್' ಎಂದು ಹೆಸರಿಟ್ಟರು. ಅದರ ಚಿತ್ರ ತೋರಿಸಿ, ಇದರಲ್ಲಿ ಯಾವುದು ಖಚಿತವಾಗಿ ಗೊತ್ತು, ಯಾವುದು ಊಹೆ, ಊಹೆಗೆ ಆಧಾರವೇನು ಎಂದು ಕೇಳಿ. ಆಧಾರದ ಮಾತೇ ಇಲ್ಲದಿದ್ದರೆ 0, ಆಧಾರ ಹೇಳಿದರೆ 1, ಕಂಡದ್ದನ್ನೂ ಊಹೆಯನ್ನೂ ಬೇರ್ಪಡಿಸಿದರೆ 2, ತೀರ್ಮಾನ ಮುಂದೆ ಬದಲಾಗಬಹುದು ಎಂಬುದಕ್ಕೆ ಕಾರಣವನ್ನೂ ಕೊಟ್ಟರೆ 3. ಅಂಕ ಹಾಕುವ ಮೊದಲು ಹೆಸರಿನ ಮೇಲೆ ಕಾಗದ ಅಂಟಿಸಿ, ಎರಡು ಸಲದ ಹಾಳೆಗಳನ್ನೂ ಬೆರೆಸಿಡಿ. ಸಾಧ್ಯವಾದರೆ ಬೇರೆ ಶಾಲೆಯ ಶಿಕ್ಷಕರೊಬ್ಬರಿಂದಲೂ ಅಂಕ ಹಾಕಿಸಿ ಹೋಲಿಸಿ. ಆಮೇಲಷ್ಟೇ ಹೆಸರು ತೆರೆದು ಹುಡುಗ ಹುಡುಗಿ ಎಂದು ವಿಂಗಡಿಸಿ. 24 ಮಕ್ಕಳ ತರಗತಿಯಲ್ಲಿ ಇಬ್ಬರ ಅಂಕ ಹೆಚ್ಚು ಕಡಿಮೆಯಾದರೂ ಸರಾಸರಿ ಅಲುಗಾಡುತ್ತದೆ, ಆದ್ದರಿಂದ 'ನಮ್ಮ ಹುಡುಗಿಯರು ಮುಂದೆ' ಎಂದೋ 'ಹಿಂದೆ' ಎಂದೋ ವರದಿ ಬರೆಯಬೇಡಿ. ಪ್ರತಿ ಮಗುವಿನ ಜೂನ್ ತಿಂಗಳ ಹಾಳೆಯನ್ನೂ ಮಾರ್ಚಿನ ಹಾಳೆಯನ್ನೂ ಜೋಡಿಸಿ ಪಿನ್ ಹಾಕಿ, ಆ ಮಗುವಿಗೇ ಓದಲು ಕೊಡಿ. ಮೂರನೆಯ ಪ್ರಶ್ನೆಗೆ ಮೊದಲು ಹಾಗೆ ಬರೆದದ್ದು ಯಾಕೆ, ಈಗ ಹೀಗೆ ಬರೆದದ್ದು ಯಾಕೆ ಎಂದು ಕೇಳಿ, ಉತ್ತರವನ್ನು ಅದೇ ಹಾಳೆಯ ಕೆಳಗೆ ಬರೆಸಿ.